ಸೋಬಾನೆಯ ಸೊಲ್ಲೂ ಹೊಸ ಧ್ವನಿಮುದ್ರಕವೂ

ಜಾನಪದ ಗೀತೆಗಳ ಸಂಗ್ರಹಕಾರ್ಯದಲ್ಲಿ ಮಾತನ್ನು ಬರೆದುಕೊಳ್ಳುವುದು ಸುಲಭ, ಧಾಟಿಯನ್ನು ಹಿಡಿದಿಡುವುದು ಕಷ್ಟ ಎಂಬುದು ಈ ಕ್ಷೇತ್ರದಲ್ಲಿ ದುಡಿದವರೆಲ್ಲರ ಅನುಭವ. ಈ ಕೊರತೆಯನ್ನು ನೀಗಲು ಬಂದ ಯಂತ್ರಗಳಲ್ಲಿ ಈಚಿನದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಡಿಜಿಟಲ್ ಧ್ವನಿಮುದ್ರಕ. ಇಂಥದೊಂದನ್ನು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ ನಾವು ಮೊದಲ ಸಲ ಬಳಸಿದಾಗ ಕಂಡುಕೊಂಡ ಸಂಗತಿಗಳನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಡಿಸನ್ನನ ಫೋನೋಗ್ರಾಫ್ 1877ರಲ್ಲಿ ಹುಟ್ಟಿತು. ಯಂತ್ರವನ್ನು ಹೆಗಲಿಗೇರಿಸಿಕೊಂಡು ಹಾಡುಗಾರರ ಬಳಿಗೆ ಹೋಗುವ ಅನುಕೂಲ, 1951ರಲ್ಲಿ ಸ್ಟೀಫನ್ ಕುಡೆಲ್ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ರಚಿಸಿದ ‘ನಾಗ್ರಾ’ದಂಥ ಟೇಪ್ ಯಂತ್ರಗಳಿಂದ ಹೆಚ್ಚಿತು. ಆದರೆ 600 ಅಡಿ ಟೇಪಿನ ಒಂದು ಸುರುಳಿ, ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ, 16 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ದೀರ್ಘವಾದ ಪದವೊಂದನ್ನು ನಡುವೆ ನಿಲ್ಲಿಸದೆ ವಿಧಿಯಿರಲಿಲ್ಲ. ನಮ್ಮ ಯಂತ್ರವಾದರೋ ಧ್ವನಿಯ ಅಲೆಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 24 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತದೆ. ಎಡಬಲದ ಎರಡು ಮೈಕುಗಳಿಗೂ ಸೇರಿ ಗಂಟೆಗೆ ಸುಮಾರು 1 ಗಿಗಾಬೈಟ್ ಸ್ಥಳ ಬೇಕು. 32 ಗಿಗಾಬೈಟಿನ ಕಾರ್ಡೊಂದರಲ್ಲಿ 30 ಗಂಟೆಗಳ ಹಾಡು ಹಿಡಿಯುತ್ತದೆ. ಇಷ್ಟು ಅನುಕೂಲವಿರುವಾಗ ತಪ್ಪಿಗೆ ಎಡೆಯೆಲ್ಲಿ ಎಂದು ನಾವು ಭಾವಿಸಿದ್ದೆವು.

ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ರಾಮನಗರದ ಬಳಿಯಲ್ಲಿಯೇ ಇದೆ. ಹಾಡನ್ನು ಮುದ್ರಿಸಿಕೊಳ್ಳಲು ಬರುವವರು ಈ ಸೀಮೆಯವರಿಗೆ ಅಪರಿಚಿತರಲ್ಲ. ಹುಳುಮನೆಯ ಜಗಲಿಯಲ್ಲಿ ಆರು ಮಂದಿ ಹೆಂಗಸರು ಕುಳಿತು ಸೋಬಾನೆ ಪದ ಹೇಳಿದರು. ಹಿರಿಯರಾದ ಅಜ್ಜಿಯೊಬ್ಬರು ಒಂದೊಂದು ನುಡಿಯನ್ನೂ ಮೆಲುದನಿಯಲ್ಲಿ ಎತ್ತಿಕೊಡುವರು. ಉಳಿದ ಐವರು ಗಟ್ಟಿಯಾಗಿ ಸೊಲ್ಲು ಹಿಡಿಯುವರು. ಧ್ವನಿಯ ಮಟ್ಟವನ್ನು ಯಂತ್ರವೇ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಚಾಲನೆಯಲ್ಲಿಟ್ಟು ನಾವು ನಿಶ್ಚಿಂತರಾಗಿದ್ದೆವು. ಮುಗಿದ ಮೇಲೆ ಹಾಡನ್ನು ಕೇಳಿಸಿದಾಗ ಅಜ್ಜಿ ತಲೆಯಾಡಿಸಿದರು: “ನಾನು ಒಬ್ಳೇ ಹೇಳ್ದಾಗ್ಲೂ ಅಷ್ಟೇ, ಎಲ್ರೂ ಹೇಳ್ದಾಗ್ಲೂ ಅಷ್ಟೇ. ಎಲ್ಲಾ ಒಂದೇ ಸಮ ಆಗೋಯ್ತಲ್ಲಪ್ಪಾ.”

ದೋಷವನ್ನು ಅವರು ನಮಗಿಂತ ಮೊದಲೇ ಗುರುತಿಸಿದ್ದರು. ಈ ವ್ಯವಸ್ಥೆಯು ಗಟ್ಟಿಯಾದ ಧ್ವನಿಯನ್ನು ತಗ್ಗಿಸಿ, ಮೆಲುವಾದುದನ್ನು ಹಿಗ್ಗಿಸುತ್ತದೆ. ಸಭೆಯ ಮಾತುಕತೆಯನ್ನು ಬರೆದುಕೊಳ್ಳುವವರಿಗೆ ಇದು ಉಪಕಾರಿ. ಆದರೆ ಒಬ್ಬಳ ದನಿಯ ಮೇಲೆ ಐವರ ದನಿ ಎದ್ದುನಿಲ್ಲುವುದೇ ಸೋಬಾನೆಯ ಸೊಗಸಾದುದರಿಂದ, ಹಾಡಿಗೆ ಇದು ಅಪಚಾರ. ನುಡಿನುಡಿಯ ನಡುವಣ ಮೌನದಲ್ಲಿಯೂ ಯಂತ್ರವು ಸುಮ್ಮನಿರಲಿಲ್ಲ. ನಾಲ್ಕನೆಯ ಜ್ವರ ಎದ್ದ ರೇಷ್ಮೆಹುಳುಗಳು ಒಳಗೆ ಸೊಪ್ಪು ಮೇಯುತ್ತಿದ್ದ ಸದ್ದನ್ನು ಎತ್ತಿಹಿಡಿದು, ಜಡಿಮಳೆಯಂತೆ ಕೇಳಿಸಿತ್ತು. ಒಮ್ಮೆ ಹೀಗೆ ಸಮವಾದ ಏರಿಳಿತವನ್ನು ಅನಂತರ ನಿಜವಾದ ಪ್ರಮಾಣಕ್ಕೆ ಮರಳಿಸಲಾಗದು. ಯಂತ್ರವು ಯಾವ ಕ್ಷಣದಲ್ಲಿ ಎಷ್ಟು ತಗ್ಗಿಸಿತೆಂಬ ಲೆಕ್ಕ ಮುದ್ರಣದಲ್ಲಿ ಉಳಿದಿರುವುದಿಲ್ಲ.

ಮರುದಿನ ಹುಳುಮನೆಯಿಂದ ದೂರವಾದ ಮನೆಯೊಂದರ ಪಡಸಾಲೆಯಲ್ಲಿ ಅದೇ ಪದವನ್ನು ಮತ್ತೆ ಹೇಳಿಸಿದೆವು. ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿ, ಅತ್ಯಂತ ಗಟ್ಟಿಯಾದ ಸೊಲ್ಲೂ ಮಾಪಕದ ತುದಿಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಟ್ಟವನ್ನು ಕೈಯಿಂದಲೇ ಗೊತ್ತುಮಾಡಿದೆವು. ತುದಿಯನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಕೆಳಗಿರಿಸಿದುದರಿಂದ ನಷ್ಟವಿಲ್ಲ, 24 ಬಿಟ್‌ಗಳ ಸಂಖ್ಯೆಗೆ ಸಿದ್ಧಾಂತದ ಪ್ರಕಾರ 144 ಡೆಸಿಬೆಲ್‌ಗಳ ವ್ಯಾಪ್ತಿಯುಂಟು. ಹಾಡುವವರನ್ನು ಅರ್ಧವೃತ್ತಾಕಾರದಲ್ಲಿ ಕೂರಿಸಿ ಯಂತ್ರವನ್ನು ಎಲ್ಲರಿಗೂ ಸಮದೂರದಲ್ಲಿರಿಸಿದೆವು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ಮಟ್ಟ 6 ಡೆಸಿಬೆಲ್ ಇಳಿಯುವುದು ನಿಯಮ. ಗೋಡೆಗಳ ನಡುವೆ ಇಳಿತ ಕಡಿಮೆಯಾದರೂ, ಒಬ್ಬರನ್ನು ಹತ್ತಿರವೂ ಇನ್ನೊಬ್ಬರನ್ನು ದೂರವೂ ಕೂರಿಸಿದರೆ ಹಾಡಿನ ತೂಕ ತಪ್ಪುವುದು ಖಂಡಿತ.

ಈ ಸಲದ ಮುದ್ರಣವನ್ನು ಕೇಳಿ ಅಜ್ಜಿ ಒಪ್ಪಿದರು. ಆದರೆ ನಡುವೆ ಒಂದು ನುಡಿ ಬಿಟ್ಟುಹೋಗಿದೆಯೆಂದು ತಾವೇ ಹೇಳಿ, ಅದನ್ನೂ ಸೇರಿಸಿ ಮೂರನೆಯ ಬಾರಿ ಹಾಡಿದರು. ನಾವು ಅಲ್ಲಿಯೇ ಕೇಳಿಸದೆ ಊರಿಗೆ ಮರಳಿದ್ದರೆ ಚಪ್ಪಟೆಯಾದ, ಒಂದು ನುಡಿ ಕಡಿಮೆಯಾದ ಪಾಠವೇ ವಿಭಾಗದ ಸಂಗ್ರಹವನ್ನು ಸೇರುತ್ತಿತ್ತು. ಮುಂದಿನವರು ಅದನ್ನೇ ಪ್ರಮಾಣವೆಂದು ನಂಬುತ್ತಿದ್ದರು. ಆ ಪದವನ್ನು ಆದ್ಯಂತವಾಗಿ ಬಲ್ಲವರು ಆ ಆರು ಮಂದಿಯಲ್ಲಿ ಅಜ್ಜಿಯೊಬ್ಬರೇ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಮೂರು ವಿಷಯಗಳನ್ನು ಗಮನದಲ್ಲಿಡಬೇಕು. ಮಟ್ಟವನ್ನು ತಾವೇ ಗೊತ್ತುಮಾಡಬೇಕು. ಯಂತ್ರವನ್ನಿರಿಸುವ ಮುನ್ನ ಸುತ್ತಲಿನ ಸದ್ದನ್ನು ಬರಿಗಿವಿಯಿಂದ ಆಲಿಸಬೇಕು. ಹಾಡಿದವರಿಗೆ ಹಾಡನ್ನು ಕೇಳಿಸಿ, ಅವರು ಸರಿಯೆಂದ ಮೇಲೆಯೇ ಊರನ್ನು ಬಿಡಬೇಕು.