ಮುಖ್ಯ ಕೋಚ್ ಪಕ್ಕದ ಕುರ್ಚಿ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಸಹಾಯಕ ಕೋಚ್‌ಗಳು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬ್ಯಾಸ್ಕೆಟ್‌ಬಾಲ್ ಪಾಠದ ನಂತರದ ಬಿಡುವಿನ ಆಟವಾಗಿ ಉಳಿದಿಲ್ಲ. ತನ್ನದೇ ಆಡಳಿತ, ಆದಾಯ, ನಿಯಮಾವಳಿ ಮತ್ತು ವೃತ್ತಿಗಳನ್ನು ಬೆಳೆಸಿಕೊಂಡು ಅದೊಂದು ದೊಡ್ಡ ಸಂಸ್ಥೆಯಾಗಿ ನಿಂತಿದೆ. 1906ರಲ್ಲಿ ಹುಟ್ಟಿ 1910ರಲ್ಲಿ ಈಗಿನ ಹೆಸರನ್ನು ಪಡೆದ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘವು ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುತ್ತದೆ. ಅದರ ಅತ್ಯುನ್ನತ ಶ್ರೇಣಿಯಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳ ತಂಡಗಳಿದ್ದು, ನವೆಂಬರಿನಲ್ಲಿ ಆರಂಭವಾಗುವ ಋತುವು ಮಾರ್ಚ್ ತಿಂಗಳಲ್ಲಿ 68 ತಂಡಗಳ ರಾಷ್ಟ್ರೀಯ ಟೂರ್ನಿಗೂ, ಕೊನೆಗೆ ‘ಫೈನಲ್ ಫೋರ್’ ಎಂದು ಕರೆಯುವ ನಾಲ್ಕು ತಂಡಗಳ ಸೆಣಸಾಟಕ್ಕೂ ಬಂದು ನಿಲ್ಲುತ್ತದೆ. ಈ ಪಂದ್ಯಗಳ ನೇರ ಪ್ರಸಾರದಲ್ಲಿ ಅಂಕಣದ ಅಂಚಿನಲ್ಲಿ ನಿಂತು ಕೂಗುವ ಮುಖ್ಯ ಕೋಚ್ ಎಲ್ಲರಿಗೂ ಕಾಣುತ್ತಾರೆ. ಆದರೆ ಅಂಕಣಕ್ಕಿಳಿದ ಹುಡುಗರನ್ನು ವರ್ಷಗಳ ಹಿಂದೆಯೇ ಗುರುತಿಸಿ, ಅವರ ಮನೆಯವರನ್ನು ಒಪ್ಪಿಸಿ ಕರೆತಂದು, ದಿನವೂ ಅವರ ಆಟವನ್ನು ತಿದ್ದಿದವರು ಹೆಚ್ಚಾಗಿ ಪಕ್ಕದ ಕುರ್ಚಿಗಳಲ್ಲಿ ಕುಳಿತಿರುವ ಸಹಾಯಕ ಕೋಚ್‌ಗಳು.

ಕರ್ನಾಟಕದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿಯಿಂದ ಹಿಡಿದು ಅಥ್ಲೆಟಿಕ್ಸ್‌ವರೆಗೆ ಎಲ್ಲ ತಂಡಗಳ ಹೊಣೆ ಹೊರುವುದನ್ನು ಕಂಡಿರುವ ಓದುಗರಿಗೆ, ಒಂದೇ ಆಟದ ಹದಿನೈದು ಆಟಗಾರರಿಗಾಗಿ ಇಷ್ಟೊಂದು ಜನ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಅಮೆರಿಕದ ಕಾಲೇಜು ತಂಡವು ತನ್ನಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳ ನಡುವಿನಿಂದ ಸಾಮಾನ್ಯವಾಗಿ ಆಟಗಾರರನ್ನು ಆರಿಸಿಕೊಳ್ಳುವುದಿಲ್ಲ. ಆಟಗಾರರನ್ನು ಮೊದಲು ಆರಿಸಿ, ಪೂರ್ಣ ವಿದ್ಯಾರ್ಥಿವೇತನ ಕೊಟ್ಟು, ಅನಂತರ ವಿದ್ಯಾರ್ಥಿಗಳನ್ನಾಗಿ ಮಾಡಿಕೊಳ್ಳುತ್ತದೆ. ಹೀಗೆ ಹುಡುಕಿ ತರುವ ಕೆಲಸಕ್ಕೆ ರಿಕ್ರೂಟಿಂಗ್ ಎಂದು ಹೆಸರು. ಒಬ್ಬ ಆಟಗಾರನಿಗೆ ಸಾಂಪ್ರದಾಯಿಕವಾಗಿ ನಾಲ್ಕು ಋತುಗಳ ಅರ್ಹತೆ ಮಾತ್ರ ಇರುವುದರಿಂದ ಈ ಹುಡುಕಾಟಕ್ಕೆ ಕೊನೆಯೇ ಇಲ್ಲ.

ಈ ವೃತ್ತಿಯ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೊರಟರೆ ಅದು ಆಟದ ಮೂಲಪುರುಷನನ್ನೇ ಮುಟ್ಟುತ್ತದೆ. ಕೆನಡಾ ಮೂಲದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 13 ನಿಯಮಗಳೊಡನೆ ಬ್ಯಾಸ್ಕೆಟ್‌ಬಾಲನ್ನು ರೂಪಿಸಿ, 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಮೊದಲ ಕೋಚ್ ಆದರು. ಅವರ ಶಿಷ್ಯ ಫಾಗ್ ಅಲೆನ್ ಅದೇ ಕ್ಯಾನ್ಸಸ್ ತಂಡವನ್ನು ದಶಕಗಳ ಕಾಲ ನಡೆಸಿ, 1927ರಲ್ಲಿ ಕೋಚ್‌ಗಳ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಅಲೆನ್ ಅವರ 1952ರ ಚಾಂಪಿಯನ್ ತಂಡದಲ್ಲಿದ್ದ ಡೀನ್ ಸ್ಮಿತ್, ವಾಯುಪಡೆ ಅಕಾಡೆಮಿಯಲ್ಲಿ ಸಹಾಯಕರಾಗಿದ್ದು, 1958ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಮೆಕ್‌ಗ್ವೈರ್ ಅವರ ಸಹಾಯಕರಾಗಿ ಸೇರಿ, 1961ರಲ್ಲಿ ಮುಖ್ಯ ಕೋಚ್ ಆದರು. 1997ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿದ್ದ 879 ಗೆಲುವುಗಳು ಪುರುಷರ ಡಿವಿಷನ್ ಒಂದರಲ್ಲಿ ಅಂದಿನ ದಾಖಲೆ. ಹಿಂದೂಸ್ತಾನಿ ಸಂಗೀತದಲ್ಲಿ ಘರಾಣೆಯನ್ನು ಹೇಳಿ ಗಾಯಕರನ್ನು ಗುರುತಿಸುವಂತೆ ಅಮೆರಿಕದಲ್ಲಿ ಕೋಚ್‌ಗಳನ್ನು ಅವರು ಯಾರ ಕೈಕೆಳಗೆ ಸಹಾಯಕರಾಗಿದ್ದರು ಎಂಬುದರಿಂದ ಗುರುತಿಸುವ ರೂಢಿಯಿದ್ದು, ಇದಕ್ಕೆ ‘ಕೋಚಿಂಗ್ ಟ್ರೀ’ ಎನ್ನುತ್ತಾರೆ. ಕೋಚ್ ಆಗುವುದನ್ನು ಕಲಿಸುವ ನಿಜವಾದ ಶಾಲೆ ಸಹಾಯಕ ಹುದ್ದೆಯೇ ಎಂಬ ತಿಳಿವಳಿಕೆ ಈ ರೂಢಿಯ ಹಿಂದಿದೆ.

ಈ ಶಾಲೆಯ ಮೆಟ್ಟಿಲುಗಳು ಬಹುಮಟ್ಟಿಗೆ ನಿಶ್ಚಿತವಾಗಿವೆ. ಆಡಿ ಮುಗಿಸಿದ ಯುವಕ ಅಥವಾ ಯುವತಿ ಸ್ನಾತಕೋತ್ತರ ಪದವಿಗೆ ಓದುತ್ತಲೇ ತಂಡದ ಕೆಲಸ ಮಾಡುವ ‘ಗ್ರಾಜುಯೇಟ್ ಅಸಿಸ್ಟೆಂಟ್’ ಆಗಿ ಒಳಬರುತ್ತಾರೆ. ಅಲ್ಲಿಂದ ಪಂದ್ಯಗಳ ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ವಿಡಿಯೊ ಸಂಯೋಜಕ, ಪ್ರಯಾಣ, ಊಟ, ವಸತಿ, ವೇಳಾಪಟ್ಟಿಗಳನ್ನು ನೋಡಿಕೊಳ್ಳುವ ಕಾರ್ಯನಿರ್ವಹಣಾ ನಿರ್ದೇಶಕ ಮುಂತಾದ ಹುದ್ದೆಗಳನ್ನು ದಾಟಿ ಸಹಾಯಕ ಕೋಚ್ ಆಗುತ್ತಾರೆ. 2023ರಲ್ಲಿ ಜಾರಿಗೆ ಬಂದ ನಿಯಮದಂತೆ ಒಂದು ತಂಡ ಐವರು ಸಹಾಯಕರನ್ನು ಇಟ್ಟುಕೊಳ್ಳಬಹುದಾದರೂ, ಕ್ಯಾಂಪಸ್ಸಿನ ಹೊರಗೆ ಹೋಗಿ ಆಟಗಾರರನ್ನು ಹುಡುಕುವ ಅಧಿಕಾರ ಮೂವರಿಗೆ ಮಾತ್ರ ಸಿಕ್ಕಿತು. ಆರಂಭದ ವರ್ಷಗಳಲ್ಲಿ ಸಂಬಳ ಹೆಸರಿಗೆ ಮಾತ್ರ. 1978ರಲ್ಲಿ ಹೈಸ್ಕೂಲು ಕೋಚ್ ಕೆಲಸವನ್ನು ಬಿಟ್ಟು ಡೀನ್ ಸ್ಮಿತ್ ಅವರ ಅರೆಕಾಲಿಕ ಸಹಾಯಕರಾದ ರಾಯ್ ವಿಲಿಯಮ್ಸ್ ಅವರಿಗೆ ವರ್ಷಕ್ಕೆ 2,700 ಡಾಲರ್ ದೊರೆಯುತ್ತಿದ್ದುದರಿಂದ, ಅವರು ತಂಡದ ಕ್ಯಾಲೆಂಡರುಗಳನ್ನು ಮಾರಿಯೂ, ಸ್ಮಿತ್ ಅವರ ಟಿವಿ ಕಾರ್ಯಕ್ರಮದ ಟೇಪುಗಳನ್ನು ಕಾರಿನಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಮುಟ್ಟಿಸಿಯೂ ಸಂಸಾರ ನಡೆಸಿದರು. ಹತ್ತು ವರ್ಷಗಳ ಬಳಿಕ, ಯಾವ ಕಾಲೇಜಿನಲ್ಲೂ ಮುಖ್ಯ ಕೋಚ್ ಆಗಿ ಅನುಭವವಿಲ್ಲದ ಅವರನ್ನು ಕ್ಯಾನ್ಸಸ್ ಕರೆದುಕೊಂಡಿತು. 2003ರಲ್ಲಿ ಹಳೆಯ ಮನೆಗೆ ಮರಳಿದ ಅವರು ನಾರ್ತ್ ಕ್ಯಾರೊಲಿನಾಗೆ 2005, 2009 ಮತ್ತು 2017ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು.

ಸಹಾಯಕರ ಕೆಲಸದ ಒಂದು ಮುಖ ಅಂಕಣದೊಳಗಿನದು. ಋತುವಿನ 30ಕ್ಕೂ ಹೆಚ್ಚು ಪಂದ್ಯಗಳ ಎದುರಾಳಿಗಳನ್ನು ಅವರು ತಮ್ಮಲ್ಲಿ ಹಂಚಿಕೊಂಡು, ತಮ್ಮ ಪಾಲಿಗೆ ಬಂದ ತಂಡದ ಹಿಂದಿನ ಆಟಗಳ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿ, ಯಾವ ಆಟಗಾರ ಬಲಗೈ ಬದಿಗೇ ಚೆಂಡನ್ನು ಒಯ್ಯುತ್ತಾನೆ, ಜೊತೆಗಾರ ಅಡ್ಡನಿಂತು ದಾರಿ ಮಾಡಿಕೊಡುವ ‘ಪಿಕ್ ಅಂಡ್ ರೋಲ್’ ತಂತ್ರವನ್ನು ಆ ತಂಡ ಎಲ್ಲಿಂದ ಆರಂಭಿಸುತ್ತದೆ, ಅಂಕಣದ ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆಸೆಯುವಾಗ ಯಾರನ್ನು ಹುಡುಕುತ್ತದೆ ಎಂಬುದನ್ನೆಲ್ಲ ಬರೆದು ಸಿದ್ಧಪಡಿಸುವ ಟಿಪ್ಪಣಿಗೆ ಸ್ಕೌಟಿಂಗ್ ವರದಿ ಎಂದು ಹೆಸರು. ಅಭ್ಯಾಸದಲ್ಲಿ ಎತ್ತರದ ಆಟಗಾರರ ಕಾಲಿನ ಚಲನೆಯನ್ನು ಒಬ್ಬ ಸಹಾಯಕರು ತಿದ್ದಿದರೆ, ಚೆಂಡನ್ನು ಮುನ್ನಡೆಸುವ ಗಾರ್ಡ್‌ಗಳ ಚೆಂಡು ಹಿಡಿತವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಇದರ ಜೊತೆಗೆ ತರಗತಿಗೆ ಬಾರದವರ ವಿಚಾರಣೆಯೂ, ಮನೆಯ ನೆನಪಿನಲ್ಲಿ ಕುಗ್ಗಿದವರಿಗೆ ಧೈರ್ಯ ಹೇಳುವುದೂ ಇವರ ಪಾಲಿಗೇ ಬರುತ್ತದೆ, ಏಕೆಂದರೆ ಮುಖ್ಯ ಕೋಚ್ ಎದುರು ಹೇಳಲಾಗದ್ದನ್ನು ಹುಡುಗರು ಸಹಾಯಕರ ಬಳಿ ಹೇಳಿಕೊಳ್ಳುತ್ತಾರೆ.

ಇನ್ನೊಂದು ಮುಖವಾದ ರಿಕ್ರೂಟಿಂಗ್ ನಿಯಮಗಳ ದಟ್ಟ ಜಾಲದೊಳಗೆ ನಡೆಯುತ್ತದೆ. ಎನ್‌ಸಿಎಎ ವರ್ಷವನ್ನು ನಾಲ್ಕು ಬಗೆಯ ಅವಧಿಗಳಾಗಿ ವಿಂಗಡಿಸಿದೆ: ಮನೆಗೆ ಹೋಗಿ ಆಟಗಾರನನ್ನೂ ಹೆತ್ತವರನ್ನೂ ಭೇಟಿ ಮಾಡಬಹುದಾದ ಸಂಪರ್ಕದ ಅವಧಿ, ಆಟವನ್ನು ನೋಡಬಹುದಾದರೂ ಕ್ಯಾಂಪಸ್ಸಿನ ಹೊರಗೆ ಮುಖಾಮುಖಿ ಮಾತನಾಡಬಾರದ ಮೌಲ್ಯಮಾಪನದ ಅವಧಿ, ಕ್ಯಾಂಪಸ್ಸಿನಲ್ಲಿ ಮಾತ್ರ ಭೇಟಿಯಾಗಬಹುದಾದ ಮೌನದ ಅವಧಿ ಮತ್ತು ಎಲ್ಲಿಯೂ ಮುಖಾಮುಖಿಯಾಗಬಾರದ ನಿಷೇಧದ ಅವಧಿ. ಆಟಗಾರ ಹತ್ತನೆಯ ತರಗತಿ ಮುಗಿಸಿದ ವರ್ಷದ ಜೂನ್ 15ಕ್ಕೆ ಮೊದಲು ಕೋಚ್‌ಗಳು ಅವನಿಗೆ ಕರೆ ಮಾಡುವಂತಿಲ್ಲ. ಕಾಲೇಜು ವೆಚ್ಚ ಭರಿಸಿ ಆಟಗಾರನನ್ನು ಕ್ಯಾಂಪಸ್ಸಿಗೆ ಕರೆಸಿಕೊಳ್ಳುವುದಕ್ಕೆ ಅಧಿಕೃತ ಭೇಟಿ ಎಂದು ಹೆಸರು. ಆಟ ಎಷ್ಟೇ ಚೆನ್ನಾಗಿದ್ದರೂ ಹೈಸ್ಕೂಲಿನಲ್ಲಿ 16 ಮೂಲ ವಿಷಯಗಳನ್ನು ಮುಗಿಸದವನಿಗೆ ಅರ್ಹತೆ ದೊರೆಯದು. ಆದ್ದರಿಂದ ರಿಕ್ರೂಟರ್ ಆಟಗಾರನ ಜಿಗಿತದಷ್ಟೇ ಗಮನವಿಟ್ಟು ಅವನ ಅಂಕಪಟ್ಟಿಯನ್ನೂ ಓದಬೇಕಾಗುತ್ತದೆ.

ಆಟಗಾರರನ್ನು ನೋಡುವ ಸ್ಥಳಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. 1966ರಲ್ಲಿ ಹೋವರ್ಡ್ ಗಾರ್ಫಿಂಕೆಲ್ ಮತ್ತು ವಿಲ್ ಕ್ಲೈನ್ ಆರಂಭಿಸಿದ ‘ಫೈವ್ ಸ್ಟಾರ್’ ಬೇಸಿಗೆ ಶಿಬಿರದಲ್ಲಿ ದೇಶದ ಉತ್ತಮ ಹೈಸ್ಕೂಲು ಆಟಗಾರರೆಲ್ಲ ಒಂದೆಡೆ ಸೇರುತ್ತಿದ್ದರು. ಇಂದು ಕ್ರೀಡಾ ಶೂ ಕಂಪನಿಗಳು ಪೋಷಿಸುವ ಬೇಸಿಗೆ ಲೀಗುಗಳಲ್ಲಿ ಅಕ್ಕಪಕ್ಕದ ಹಲವು ಅಂಕಣಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪಂದ್ಯಗಳು ನಡೆಯುತ್ತವೆ. ಅವುಗಳಲ್ಲಿ ನೈಕಿ ಕಂಪನಿಯ ಲೀಗ್ ಪ್ರಮುಖವಾದುದು. ಅಲ್ಲಿ ಕುಳಿತ ಸಹಾಯಕ ಕೋಚ್, ಆಟಗಾರ ಗಳಿಸಿದ ಅಂಕಗಳನ್ನಷ್ಟೇ ಲೆಕ್ಕ ಹಾಕುವುದಿಲ್ಲ. ತೋಳಿನ ಉದ್ದವೆಷ್ಟು, ಇನ್ನೂ ಬೆಳೆಯುವ ದೇಹವೇ, ತಪ್ಪಾದ ಬಳಿಕ ಆಟಗಾರ ರಕ್ಷಣೆಗೆ ಓಡಿ ಬರುತ್ತಾನೆಯೇ ಅಥವಾ ರೆಫರಿಯ ಕಡೆಗೆ ಕೈ ಎತ್ತುತ್ತಾನೆಯೇ, ಬದಲಿಯಾಗಿ ಹೊರಬಂದಾಗ ಜೊತೆಗಾರರ ಪಕ್ಕ ಹೇಗೆ ಕೂರುತ್ತಾನೆ ಎಂಬುದನ್ನು ನೋಡುತ್ತಾರೆ. 1980ರಲ್ಲಿ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲಿನ, ಹೊರಗೆ ಅಷ್ಟಾಗಿ ಹೆಸರು ಕೇಳಿರದ ಹುಡುಗನೊಬ್ಬನನ್ನು ಗುರುತಿಸಿದವರು ಸ್ಮಿತ್ ಅವರ ಸಹಾಯಕರೇ. ಆ ಬೇಸಿಗೆಯಲ್ಲಿ ಅವನು ಫೈವ್ ಸ್ಟಾರ್ ಶಿಬಿರಕ್ಕೆ ಹೋಗುವಂತೆ ಮಾಡುವಲ್ಲಿ ರಾಯ್ ವಿಲಿಯಮ್ಸ್ ಅವರ ಪಾತ್ರವಿತ್ತು. ಆ ಹುಡುಗ ಮೈಕೆಲ್ ಜೋರ್ಡಾನ್; 1982ರ ರಾಷ್ಟ್ರೀಯ ಫೈನಲ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ ಗೆಲುವಿನ ಬುಟ್ಟಿ ಹಾಕಿದವನು ಅವನೇ.

ಈ ಹುದ್ದೆ ಕೆಲವೊಮ್ಮೆ ಸಮಾಜದ ಬಾಗಿಲನ್ನೂ ತೆರೆದಿದೆ. 1969ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಹಾಯಕರಾದ ಜಾರ್ಜ್ ರ‍್ಯಾವೆಲಿಂಗ್, ದಕ್ಷಿಣದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಕೂಟದಲ್ಲಿ ಮೊದಲ ಕಪ್ಪು ವರ್ಣೀಯ ಬ್ಯಾಸ್ಕೆಟ್‌ಬಾಲ್ ಕೋಚ್ ಎನಿಸಿಕೊಂಡು, 1972ರಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡದ ಮುಖ್ಯ ಕೋಚ್ ಆದರು. ಲಿಂಗಭೇದವನ್ನು ನಿಷೇಧಿಸಿದ 1972ರ ‘ಟೈಟಲ್ ನೈನ್’ ಕಾನೂನಿನ ಬಳಿಕ ಮಹಿಳಾ ತಂಡಗಳಿಗೂ ವಿದ್ಯಾರ್ಥಿವೇತನಗಳು ಬಂದಾಗ ಮಹಿಳಾ ಸಹಾಯಕರ ಒಂದು ದೊಡ್ಡ ಪೀಳಿಗೆಯೇ ಬೆಳೆಯಿತು. ಟೆನೆಸ್ಸೀ ಮಹಿಳಾ ತಂಡದ ಮುಖ್ಯ ಕೋಚ್ ಪ್ಯಾಟ್ ಸಮಿಟ್ 1990ರ ಸೆಪ್ಟೆಂಬರಿನಲ್ಲಿ ಸಹಾಯಕಿ ಮಿಕಿ ಡಿಮಾಸ್ ಅವರೊಡನೆ ಪೆನ್ಸಿಲ್ವೇನಿಯಾದ ಒಬ್ಬ ಆಟಗಾರ್ತಿಯ ಮನೆಯಲ್ಲಿ ಮಾತನಾಡುತ್ತಿರುವಾಗಲೇ ಹೆರಿಗೆನೋವು ಆರಂಭವಾಗಿ, ವಿಮಾನದಲ್ಲಿ ಟೆನೆಸ್ಸೀಗೆ ಮರಳಿ ಮಗನನ್ನು ಹೆತ್ತರು ಎಂಬ ಸಂಗತಿ ಈ ಕೆಲಸ ಕೇಳುವ ನಿಷ್ಠೆಯನ್ನು ತೋರಿಸುತ್ತದೆ. ಕನೆಕ್ಟಿಕಟ್ ಮಹಿಳಾ ತಂಡದಲ್ಲಿ ಮುಖ್ಯ ಕೋಚ್ ಜೀನೊ ಆರಿಯೆಮಾ ಅವರ ಜೊತೆ 1985ರಿಂದ ಸಹಾಯಕರಾಗಿರುವ ಕ್ರಿಸ್ ಡೇಲಿ, ಆ ತಂಡದ 12 ರಾಷ್ಟ್ರೀಯ ಪ್ರಶಸ್ತಿಗಳಲ್ಲಿಯೂ ಪಾಲುದಾರರು.

ಹುಡುಕಾಟದ ವ್ಯಾಪ್ತಿ ದೇಶದ ಗಡಿಯನ್ನೂ ದಾಟಿದೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಗೊನ್ಜಾಗಾ ಎಂಬ ಪುಟ್ಟ ವಿಶ್ವವಿದ್ಯಾಲಯದಲ್ಲಿ ಎರಡು ದಶಕಗಳ ಕಾಲ ಸಹಾಯಕರಾಗಿದ್ದ ಟಾಮಿ ಲಾಯ್ಡ್, ಲಿಥುವೇನಿಯಾದ ಡೊಮಾಂಟಾಸ್ ಸಬೋನಿಸ್, ಜಪಾನಿನ ರೂಯಿ ಹಾಚಿಮುರಾ ಮೊದಲಾದವರನ್ನು ಅಲ್ಲಿಗೆ ತರುವಲ್ಲಿ ಮುಖ್ಯ ಪಾತ್ರ ವಹಿಸಿ, 2021ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ಮೊದಲ ವರ್ಷವೇ ಅಸೋಸಿಯೇಟೆಡ್ ಪ್ರೆಸ್‌ನ ವರ್ಷದ ಕೋಚ್ ಗೌರವ ಪಡೆದರು. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನದೊಡನೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು ಸೇರಿದಾಗ ಕರ್ನಾಟಕವೂ ಈ ಭೂಪಟದೊಳಗೆ ಬಂದಿತು.

ಇಷ್ಟು ದುಡಿಸಿಕೊಳ್ಳುವ ವ್ಯವಸ್ಥೆ ಸಹಾಯಕ ಕೋಚ್‌ಗಳ ವಿಷಯದಲ್ಲಿ ಯಾವಾಗಲೂ ನ್ಯಾಯವಾಗಿ ನಡೆದುಕೊಂಡಿಲ್ಲ. ವೆಚ್ಚ ತಗ್ಗಿಸುವ ಹೆಸರಿನಲ್ಲಿ ಎನ್‌ಸಿಎಎ 1992ರಲ್ಲಿ ‘ನಿರ್ಬಂಧಿತ ಗಳಿಕೆಯ ಕೋಚ್’ ಎಂಬ ವರ್ಗವನ್ನು ಜಾರಿಗೆ ತಂದು, ಶೈಕ್ಷಣಿಕ ವರ್ಷಕ್ಕೆ 12,000 ಮತ್ತು ಬೇಸಿಗೆಗೆ 4,000 ಡಾಲರ್ ಮಿತಿಯನ್ನು ಹೇರಿತು. ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು. ಎಲ್ಲ ಕಾಲೇಜುಗಳು ಒಟ್ಟಾಗಿ ಸಂಬಳವನ್ನು ಕಟ್ಟಿಹಾಕುವುದು ಸ್ಪರ್ಧಾ ಕಾನೂನಿನ ಉಲ್ಲಂಘನೆ ಎಂಬ ತೀರ್ಪನ್ನು ಹತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಎತ್ತಿಹಿಡಿಯಿತು. ಮರುವರ್ಷ ಎನ್‌ಸಿಎಎ 5.45 ಕೋಟಿ ಡಾಲರ್ ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಮುಂದೆ ಆಟಗಾರರ ಸಂಭಾವನೆಯ ಬಗ್ಗೆ ನಡೆದ ಹೋರಾಟಗಳಿಗೆ ಮುನ್ನವೇ ಈ ಸಂಘದ ಅಧಿಕಾರವನ್ನು ಪ್ರಶ್ನಿಸಿ ಗೆದ್ದವರಲ್ಲಿ ಸಹಾಯಕ ಕೋಚ್‌ಗಳೂ ಇದ್ದರು ಎಂಬುದನ್ನು ನೆನೆಯಬೇಕು. ಅದೇ ವೇಳೆ ಈ ವೃತ್ತಿಯೊಳಗಿನ ಕೊಳೆಯನ್ನೂ ಮರೆಮಾಚಲಾಗದು: 2017ರ ಸೆಪ್ಟೆಂಬರಿನಲ್ಲಿ ಎಫ್‌ಬಿಐ ತನಿಖೆಯು ನಾಲ್ಕು ಹೆಸರಾಂತ ವಿಶ್ವವಿದ್ಯಾಲಯಗಳ ಸಹಾಯಕ ಕೋಚ್‌ಗಳನ್ನು, ತಮ್ಮ ಆಟಗಾರರನ್ನು ನಿರ್ದಿಷ್ಟ ಏಜೆಂಟರು ಮತ್ತು ಹಣಕಾಸು ಸಲಹೆಗಾರರ ಕಡೆಗೆ ತಿರುಗಿಸಲು ಲಂಚ ಪಡೆದ ಆರೋಪದ ಮೇಲೆ ಬಂಧಿಸಿತು, ನಾಲ್ವರೂ ತಪ್ಪೊಪ್ಪಿಕೊಂಡರು. ಆಟಗಾರರ ನಂಬಿಕೆಗೆ ಅತಿ ಹತ್ತಿರವಿರುವವರಿಗೆ ಅದನ್ನು ಮಾರುವ ಅವಕಾಶವೂ ಹತ್ತಿರವಿರುತ್ತದೆ ಎಂಬ ಕಟು ಸತ್ಯವನ್ನು ಈ ಪ್ರಕರಣ ತೆರೆದಿಟ್ಟಿತು.

ಕಳೆದ ಕೆಲವು ವರ್ಷಗಳಲ್ಲಿ ಕೆಲಸದ ಸ್ವರೂಪವೇ ಬದಲಾಗಿದೆ. ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ನಮೂದಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ 2018ರ ಅಕ್ಟೋಬರಿನಲ್ಲಿ ಆರಂಭವಾಯಿತು. ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಲು 2021ರ ಜುಲೈ 1ರಿಂದ ಅನುಮತಿ ದೊರೆಯಿತು. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಕಾಲೇಜುಗಳೇ ತಮ್ಮ ಎಲ್ಲ ಆಟಗಳ ಕ್ರೀಡಾಪಟುಗಳಿಗೆ ವರ್ಷಕ್ಕೆ ಒಟ್ಟು ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಾಗಿದೆ. ಹಿಂದೆ ಎರಡು ಮೂರು ವರ್ಷ ಪತ್ರ ಬರೆದು, ಮನೆಗೆ ಹೋಗಿ ಬೆಳೆಸುತ್ತಿದ್ದ ಪರಿಚಯವನ್ನು ಈಗ ಋತು ಮುಗಿದ ಕೆಲವೇ ವಾರಗಳಲ್ಲಿ, ಹಣದ ಮಾತಿನ ನಡುವೆ ಕಟ್ಟಬೇಕಾಗಿದೆ. ತನ್ನ ದುಡಿಮೆಯಿಂದ ಕೋಟ್ಯಂತರ ಆದಾಯ ಬರುವಾಗ ಆಟಗಾರನಿಗೆ ಪಾಲು ಸಿಗಬೇಕಾದುದು ನ್ಯಾಯವೇ. ಆದರೆ ವರ್ಷಕ್ಕೊಂದು ಕಾಲೇಜು ಬದಲಿಸುವ ಹತ್ತೊಂಬತ್ತರ ಹುಡುಗನಿಗೆ ಪದವಿಯೂ ದಕ್ಕುವಂತೆ ನೋಡಿಕೊಳ್ಳುವ ಹೊಣೆ ಇದರಿಂದ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಈ ವೃತ್ತಿಯ ಘನತೆಯನ್ನು ಅಳೆಯಲು ಬಿಲ್ ಗತ್‌ರಿಜ್ ಅವರ ಬದುಕು ಸಾಕು. 1967ರಿಂದ 30 ವರ್ಷಗಳ ಕಾಲ ಡೀನ್ ಸ್ಮಿತ್ ಅವರ ಸಹಾಯಕರಾಗಿದ್ದ ಅವರು, ಬೇರೆಡೆ ಮುಖ್ಯ ಕೋಚ್ ಆಗುವ ಅವಕಾಶ ಬಂದರೂ ನಾರ್ತ್ ಕ್ಯಾರೊಲಿನಾ ಬಿಡಲಿಲ್ಲ. ಸ್ಮಿತ್ ನಿವೃತ್ತರಾದಾಗ 60ನೆಯ ವಯಸ್ಸಿನಲ್ಲಿ ಹೊಣೆ ಹೊತ್ತು, ಮೊದಲ ಋತುವಿನಲ್ಲೇ 34 ಪಂದ್ಯಗಳನ್ನು ಗೆದ್ದು, ಮೂರು ಋತುಗಳಲ್ಲಿ ಎರಡು ಬಾರಿ ತಂಡವನ್ನು ಫೈನಲ್ ಫೋರ್‌ಗೆ ಒಯ್ದು, 2000ದಲ್ಲಿ ಹಿಂದೆ ಸರಿದರು. ಮುಖ್ಯ ಹುದ್ದೆಯ ಆ ಮೂರು ವರ್ಷಗಳ ಯೋಗ್ಯತೆ ಸಿದ್ಧವಾದದ್ದು ಸಹಾಯಕ ಹುದ್ದೆಯ ಮೂವತ್ತು ವರ್ಷಗಳಲ್ಲಿ. ಎಷ್ಟು ತಾರೆಗಳನ್ನು ಕರೆತಂದರು ಎಂಬುದು ಸಹಾಯಕ ಕೋಚ್‌ಗಳ ನಿಜವಾದ ಅಳತೆಯಲ್ಲ. ಹೆತ್ತವರ ಎದುರು ಕುಳಿತು ಕೊಟ್ಟ ಮಾತನ್ನು ಆ ಮಗು ಕಾಲೇಜು ಬಿಡುವ ದಿನದವರೆಗೆ ಉಳಿಸಿಕೊಂಡರೇ ಎಂಬುದೇ ಅಳತೆ. ಆ ಅಳತೆಯಲ್ಲಿ ಗೆದ್ದವರನ್ನು ಕಾಲೇಜುಗಳು ಗುರುತಿಸಿ, ತಕ್ಕ ಸಂಬಳ ಕೊಟ್ಟು ಉಳಿಸಿಕೊಂಡರೆ ಮಾತ್ರ ಈ ಆಟ ವಿದ್ಯಾಸಂಸ್ಥೆಯ ಆಟವಾಗಿ ಉಳಿದೀತು.