ಜಪಾನಿಗೆ ಹೊರಡುವ ಮುನ್ನ: ವ್ಯಾಪಾರಿಗೆ ಬೇಕಾದಷ್ಟು ಜಪಾನೀ ಭಾಷೆ

ವಿದೇಶ ಪ್ರವಾಸಕ್ಕೆ ಹೊರಡುವ ಸಣ್ಣ ಉದ್ಯಮಿಗಳು ವೀಸಾ, ವಿಮೆ, ವಿದೇಶಿ ವಿನಿಮಯ, ಸರಕಿನ ಮಾದರಿಗಳು ಎಲ್ಲವನ್ನೂ ತಿಂಗಳ ಮುಂಚೆಯೇ ಹೊಂದಿಸಿಕೊಳ್ಳುತ್ತಾರೆ. ಭಾಷೆಯ ವಿಷಯ ಬಂದಾಗ ಮಾತ್ರ ‘ದುಭಾಷಿ ಇರುತ್ತಾರಲ್ಲ’ ಎಂಬ ಸಮಾಧಾನ. ಬೇರೆ ದೇಶಗಳಲ್ಲಿ ಇಂಗ್ಲಿಷ್ ಹೇಗೋ ಕೈಹಿಡಿದೀತು. ಜಪಾನಿನ ಸಣ್ಣ ಊರುಗಳ ಕಾರ್ಖಾನೆಗಳಲ್ಲಿ ಅದನ್ನೇ ನಂಬಿ ಕೂಡುವಂತಿಲ್ಲ. 1999ರ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಉತ್ಪಾದನೆ ಆರಂಭಿಸಿತು. 2011ರ ಆಗಸ್ಟಿನಲ್ಲಿ ಭಾರತ-ಜಪಾನ್ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ ಜಾರಿಗೆ ಬಂದಿತು. ಕರ್ನಾಟಕದ ಬಿಡಿಭಾಗ ತಯಾರಕರಿಗೆ ಜಪಾನೀಯರೊಡನೆ ವ್ಯವಹಾರ ಈಗ ಅಪರೂಪವೇನಲ್ಲ.

ಕನ್ನಡಿಗರು ಈ ಭಾಷೆಗೆ ಅಂಜಬೇಕಾಗಿಲ್ಲ. ಇದರ ವಾಕ್ಯರಚನೆ ಇಂಗ್ಲಿಷಿಗಿಂತ ಕನ್ನಡಕ್ಕೇ ಸಮೀಪ. ‘ನಾನು ಬೆಂಗಳೂರಿನಿಂದ ಬಂದೆನು’ ಎಂಬುದಕ್ಕೆ ‘ವತಾಶಿ ವ ಬೆಂಗಳೂರು ಕರ ಕಿಮಶಿತ’ ಎನ್ನಬೇಕು. ‘ಇಂದ’ ಎಂಬುದರ ಸ್ಥಾನದಲ್ಲಿ ‘ಕರ’ ನಿಲ್ಲುತ್ತದೆ. ಕ್ರಿಯಾಪದ ಕೊನೆಗೇ ಬರುತ್ತದೆ. ಹ್ರಸ್ವ-ದೀರ್ಘಗಳ, ಒತ್ತಕ್ಷರಗಳ ಭೇದವೂ ಕನ್ನಡದ ಕಿವಿಗೆ ಸಹಜ: ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆಚೀಟಿ. ವಿದೇಶಿ ಪದಗಳನ್ನು ಬರೆಯಲು ಬಳಸುವ ಕತಕನ ಲಿಪಿಯ ಮೂಲ ಅಕ್ಷರಗಳು 46. ಅವುಗಳ ಅನುಕ್ರಮದ ಹಿಂದೆ ಬೌದ್ಧ ಭಿಕ್ಷುಗಳು ನಡೆಸಿದ ಸಂಸ್ಕೃತಾಕ್ಷರಗಳ ಅಧ್ಯಯನದ ಪ್ರಭಾವವಿದೆ. ಕ, ಸ, ತ, ನ ಎಂದು ಸಾಗುವ ಸಾಲು ಅಪರಿಚಿತವೆನಿಸದು. ಇವಿಷ್ಟನ್ನು ಕಲಿತರೂ ‘ಮೋತಾ’ (ಮೋಟಾರು), ‘ಬೊರುತೊ’ (ಬೋಲ್ಟು) ಮುಂತಾದ ಪದಗಳನ್ನು ಕ್ಯಾಟಲಾಗಿನಲ್ಲಿ ಓದಿಕೊಳ್ಳಬಹುದು.

ಕೈಸುಡುವುದು ಅಂಕಿಗಳಲ್ಲಿ. ಜಪಾನೀಯರ ಎಣಿಕೆ ಹತ್ತು ಸಾವಿರದ ಗುಂಪುಗಳಲ್ಲಿ ನಡೆಯುತ್ತದೆ. ಸಾವಿರಕ್ಕೆ ‘ಸೆನ್’, ಹತ್ತು ಸಾವಿರಕ್ಕೆ ‘ಮನ್’. ಲಕ್ಷಕ್ಕೆ ಪ್ರತ್ಯೇಕ ಪದವಿಲ್ಲ, ಅದು ‘ಜೂ ಮನ್’, ಅಂದರೆ ಹತ್ತು ಮನ್. ಹತ್ತು ಲಕ್ಷ ‘ಹ್ಯಕು ಮನ್’, ಕೋಟಿ ‘ಇಸ್ಸೆನ್ ಮನ್’, ಹತ್ತು ಕೋಟಿ ‘ಇಚಿ ಒಕು’. ಯಂತ್ರವೊಂದರ ಬೆಲೆ 350 ಮನ್ ಯೆನ್ ಎಂದು ಮಾರುವವರು ಹೇಳಿದರೆ, ದುಭಾಷಿ ಅದನ್ನು 3.5 ಮಿಲಿಯನ್ ಎನ್ನುತ್ತಾರೆ, ಕೇಳುವವರು ಮನಸ್ಸಿನಲ್ಲೇ 35 ಲಕ್ಷಕ್ಕೆ ತರುತ್ತಾರೆ. ಆ ಮೇಲೆ ಯೆನ್ನಿನಿಂದ ರೂಪಾಯಿಗೆ. ಇಷ್ಟು ಕೈ ಬದಲಾಗುವಾಗ ಒಂದು ಸೊನ್ನೆ ಜಾರಿದರೆ ಇಡೀ ವರ್ಷದ ಲಾಭವೇ ಅದರೊಂದಿಗೆ ಹೋದೀತು. ‘ಮನ್’ ಎಂಬ ಒಂದು ಪದ ಕಿವಿಗೆ ಬಿದ್ದೊಡನೆ ನಾಲ್ಕು ಸೊನ್ನೆ ಸೇರಿಸಿ ಕಾಗದದ ಮೇಲೆ ಬರೆದು ತೋರಿಸುವುದು ಕ್ಷೇಮ. ಏಳಕ್ಕೆ ‘ಶಿಚಿ’, ‘ನನ’ ಎಂಬ ಎರಡು ಹೆಸರುಗಳಿವೆ. ದೂರವಾಣಿಯಲ್ಲಿ ‘ಶಿಚಿ’ಯು ‘ಇಚಿ’ (ಒಂದು) ಎಂದು ಕೇಳಿಸುವುದರಿಂದ ‘ನನ’ ಎನ್ನುವುದೇ ಲೇಸು.

ಇನ್ನೊಂದು ಪದ ‘ಹಾಯ್’. ನಿಘಂಟಿನಲ್ಲಿ ಇದಕ್ಕೆ ‘ಹೌದು’ ಎಂಬ ಅರ್ಥ. ಮಾತುಕತೆಯಲ್ಲಿ ಅನೇಕ ವೇಳೆ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ. ಸಭೆಯಲ್ಲಿ ಹತ್ತು ಸಲ ‘ಹಾಯ್’ ಕೇಳಿ, ಆದೇಶ ಕೈಸೇರಿತೆಂದು ಊರಿಗೆ ಬಂದು ಸಾಲ ಮಾಡಿ ಕಚ್ಚಾಮಾಲು ತರಿಸಿದವರು ಬಡ್ಡಿ ಕಟ್ಟುತ್ತಾ ಕುಳಿತುಕೊಳ್ಳಬೇಕಾದೀತು. ‘ಕೆಂತೋ ಶಿಮಸು’ ಎಂದರೆ ಪರಿಶೀಲಿಸುತ್ತೇವೆ. ‘ಮುಜುಕಶೀ’ ಎಂದರೆ ಕಷ್ಟ. ಎರಡೂ ಬಹುಮಟ್ಟಿಗೆ ಸೌಜನ್ಯದ ನಿರಾಕರಣೆಗಳೇ. ಚಿಕ್ಕಪೇಟೆಯ ಅಂಗಡಿಯಲ್ಲಿ ‘ನೋಡೋಣ’ ಎಂಬ ಮಾತಿನ ತೂಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಾಗಿಯೇ ‘ಮಿತ್ಸುಮೊರಿ’ (ಕೊಟೇಷನ್) ಕೇಳಿದರೆ, ‘ನೋಕಿ’ (ಸರಕು ಒಪ್ಪಿಸುವ ದಿನ) ಯಾವಾಗ ಎಂದು ಪ್ರಶ್ನಿಸಿದರೆ, ಆಗ ವ್ಯವಹಾರ ಮುಂದುವರಿದಿದೆಯೆಂದು ಭಾವಿಸಬಹುದು.

ಹೆಸರಿಗೆ ಸೇರಿಸುವ ‘ಸನ್’ ಎದುರಿನವರಿಗೆ ಮಾತ್ರ ಸಲ್ಲುವ ಗೌರವ. ತಮ್ಮ ಹೆಸರಿಗೆ ತಾವೇ ಸೇರಿಸಿಕೊಳ್ಳುವಂತಿಲ್ಲ.

ಹೊಟೇಲು, ಟ್ಯಾಕ್ಸಿಗಳಲ್ಲಿ ‘ರ್ಯೋಶೂಶೊ ಒನೆಗಾಯ್ ಶಿಮಸು’ (ರಸೀದಿ ದಯಮಾಡಿ ಕೊಡಿ) ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ಹೊಟೇಲಿನಲ್ಲಿ ವಿಸಿಟಿಂಗ್ ಕಾರ್ಡು ತೋರಿಸಿದರೆ ರಸೀದಿಯನ್ನು ಸಂಸ್ಥೆಯ ಹೆಸರಿಗೇ ಬರೆಸಿಕೊಳ್ಳಬಹುದು. ದಿನಾಂಕವನ್ನು ಅಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತಾರೆ. ವರ್ಷವೂ ಕೆಲವೊಮ್ಮೆ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದ್ದಾಗಿರುತ್ತದೆ. 2019 ರೇವಾ ಶಕೆಯ ಮೊದಲ ವರ್ಷ. ಹೀಗಾಗಿ 7.4.10 ಎಂಬುದು 2025ರ ಏಪ್ರಿಲ್ 10. ಬೆಂಗಳೂರಿನ ಲೆಕ್ಕಪರಿಶೋಧಕರ ಮೇಜಿನ ಮೇಲೆ ಅದು 2010ರ ಏಪ್ರಿಲ್ 7 ಆಗಿಬಿಡುತ್ತದೆ. ಅಂದಂದಿನ ರಸೀದಿಯ ಹಿಂಬದಿಯಲ್ಲಿ ಅಂದೇ ನಮ್ಮ ಕ್ರಮದ ದಿನಾಂಕ ಬರೆದಿಟ್ಟುಕೊಂಡರೆ ವರ್ಷಾಂತ್ಯದಲ್ಲಿ ಪ್ರವಾಸವೆಚ್ಚದ ಬಾಬ್ತಿನಲ್ಲಿ ತಕರಾರು ಬರದು.