ಬೆಳೆಯುವ ಮಕ್ಕಳೂ ತಕ್ಕಡಿಯೂ

ಮದುವೆಯ ಮನೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಬಹುದಿನಗಳ ಮೇಲೆ ಕಂಡ ಮಕ್ಕಳನ್ನು ನಮ್ಮ ಹಿರಿಯರು ಮೊದಲು ಮಾತಾಡಿಸುವದು ಅವರ ಮೈಯನ್ನು ಕುರಿತು. "ಏನವ್ವಾ, ಇಷ್ಟು ದಪ್ಪಾಗೀದಿ!" ಎಂದು ಒಬ್ಬಳಿಗೆ, "ಮನ್ಯಾಗ ಉಣ್ಣಾಕ ಕೊಡೂದಿಲ್ಲೇನು?" ಎಂದು ಇನ್ನೊಬ್ಬನಿಗೆ. ಅಂದವರು ಪ್ರೀತಿಯಿಂದಲೇ ಅಂದಿರುವರು. ಎಲೆ ಎತ್ತುವದರೊಳಗೆ ಮರೆತೂ ಬಿಡುವರು. ಹದಿನಾಲ್ಕು ವರ್ಷದ ಹುಡುಗಿಯು ಮಾತ್ರ ಮರೆಯಲಾರಳು. ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿಯೂ ಇಂಥ ಮಾತು ಹೊಸದಲ್ಲವಾದುದರಿಂದ, ವಾಚಕರ ಲಕ್ಷ್ಯವನ್ನು ಈ ಸಲ ಇತ್ತ ಸೆಳೆಯಬಯಸುವೆವು.

ಆ ಸೀಮೆಗೂ ತಕ್ಕಡಿಗೂ ಒಂದು ವಿಶೇಷ ಸಂಬಂಧವುಂಟು. 2021ನೆಯ ಇಸವಿಯ ಡಿಸೆಂಬರದಲ್ಲಿ ಸರಕಾರವು ಶಾಲೆಯ ಮಧ್ಯಾಹ್ನದ ಊಟದೊಡನೆ ತತ್ತಿಯನ್ನೂ, ತತ್ತಿ ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದ ಏಳು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಆಗ ವಾದವಿವಾದಗಳು ಬಹಳ ನಡೆದವು. ಅವುಗಳನ್ನು ಇಲ್ಲಿ ಕೆದಕುವದಿಲ್ಲ. ಆದರೆ ಯಾದಗಿರಿಯ ಮಕ್ಕಳನ್ನೂ, ಆಗ ತತ್ತಿಯಿಲ್ಲದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ಹೋಲಿಸಿದಾಗ, ಯಾದಗಿರಿಯವರ ತೂಕವು, ಅದರಲ್ಲಿಯೂ ಹುಡುಗಿಯರದು, ಹೆಚ್ಚಾಗಿ ಏರಿತ್ತೆಂಬುದು 2022ರಲ್ಲಿ ಪ್ರಕಟವಾಯಿತು. ಬಳಿಕ ಈ ಏರ್ಪಾಡು ನಾಡಿಗೆಲ್ಲ ಹಬ್ಬಿತು. ಅಲ್ಲಿ ತೂಕವೇರಿದ್ದು ಹಿಗ್ಗಿನ ಸುದ್ದಿ. ಅದೇ ವಯಸ್ಸಿನ ಹುಡುಗಿಯೊಬ್ಬಳು ಸಂಜೆಗೆ ಮೊಬೈಲಿನಲ್ಲಿ ತೆಳ್ಳಗಿನ ಮೈಗಳ ಚಿತ್ರಗಳನ್ನು, ಅವೂ ಯಂತ್ರದಿಂದ ತಿದ್ದಿ ತೀಡಿದವುಗಳನ್ನು, ಕಂಡು ರಾತ್ರಿಯ ರೊಟ್ಟಿಯನ್ನು ಬಿಟ್ಟರೆ ಮಧ್ಯಾಹ್ನದ ತತ್ತಿಯಿಂದ ಆದ ಲಾಭವೇನು?

ಪ್ರಾಯಕ್ಕೆ ಬರುವಾಗ ಶರೀರವು ಒಂದೇ ಸಮನೆ ಬೆಳೆಯುವದಿಲ್ಲ. ಹುಡುಗಿಯರು ಸಾಮಾನ್ಯವಾಗಿ ಹತ್ತು ಹನ್ನೆರಡರಲ್ಲಿ ಸರ್ರನೆ ಎತ್ತರವಾಗುವರು. ಹುಡುಗರು ಒಂದೆರಡು ವರ್ಷ ತಡವಾಗಿ. ಕೆಲವು ಮಕ್ಕಳು ಮೊದಲು ಅಗಲವಾಗಿ ಆಮೇಲೆ ಉದ್ದವಾಗುವದುಂಟು. ಹುಡುಗಿಯರ ಸೊಂಟ ತೊಡೆಗಳಲ್ಲಿ ಈ ಕಾಲಕ್ಕೆ ಕೊಬ್ಬು ಸೇರುವದು ರೋಗವಲ್ಲ, ನಿಸರ್ಗದ ಕ್ರಮ. ತೂಕದ ಕಿಲೋಗಳನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವೊಂದುಂಟಷ್ಟೆ, ಅದರಲ್ಲಿ 18.5ಕ್ಕೆ ಕಡಿಮೆ ಬಂದರೆ ದೊಡ್ಡವರನ್ನು ಬಡಕಲೆನ್ನುವರು. ಒಂದೂವರೆ ಮೀಟರು ಎತ್ತರ, 40 ಕಿಲೋ ತೂಕದ ಹದಿನಾಲ್ಕರ ಹುಡುಗಿಗೆ ಸುಮಾರು 17.8 ಬರುವದು. ದೊಡ್ಡವರ ಅಳತೆಯಲ್ಲಿ ಅವಳು ಬಡಕಲು. ಅವಳ ವಯಸ್ಸಿನ ಅಳತೆಯಲ್ಲಿ ಸರಿಯಾಗಿಯೇ ಇರುವಳು. ಆದ್ದರಿಂದಲೇ 5ರಿಂದ 19 ವರ್ಷದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ವಯಸ್ಸಿಗೆ ತಕ್ಕ ಬೇರೆ ಪಟ್ಟಿಗಳನ್ನು ಕೊಟ್ಟಿದೆ. ಕನ್ನಡಿಯೂ ನೆರೆಮನೆಯ ಕಾಕೂವೂ ಆ ಪಟ್ಟಿಯನ್ನು ನೋಡಿರುವದಿಲ್ಲ!

ಉಪವಾಸವಿದ್ದು ಇಳಿಯುವ ಹಟವು ಈ ವಯಸ್ಸಿನಲ್ಲಿ ಎಲುಬಿಗೂ ರಕ್ತಕ್ಕೂ ಕುತ್ತು. ಮುಟ್ಟು ಏರುಪೇರಾಗುವದೂ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇಕಡಾ 59 ಜನರಿಗೆ ರಕ್ತಹೀನತೆ ಇದ್ದುದು ಕಂಡಿತು. ದುಂಡಗಿದ್ದವಳಿಗೂ ರಕ್ತ ಕಡಿಮೆ ಇರಬಹುದೆಂಬುದನ್ನು ತಾಯಂದಿರು ಮರೆಯಬಾರದು. ನಿಜವಾಗಿಯೇ ತೂಕ ಮಿಗಿಲಾದ ಮಗುವಿಗೂ ಅನೇಕ ಸಲ ವೈದ್ಯರು ಇಳಿಸಲು ಹೇಳುವದಿಲ್ಲ. ತೂಕ ನಿಂತಲ್ಲಿ ನಿಂತು ಎತ್ತರ ಮುಂದುವರಿದರೆ ತಾನೇ ಹದಕ್ಕೆ ಬರುವದು.

ಇದಕ್ಕಾಗಿ ಪರದೇಶದ ಆಹಾರವನ್ನು ಹುಡುಕಬೇಕಾಗಿಲ್ಲ. ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು: ಇವಿಷ್ಟು ಇರುವ ತಾಟಿಗೆ ಯಾವ ಪೇಟೆಯ ಊಟವೂ ಸರಿಬಾರದೆಂದು ನಮ್ಮ ಮತ. ನಾರಾಯಣಪುರದ ಕಾಲುವೆ ಬಂದಲ್ಲಿ ಬತ್ತದ ಗದ್ದೆಗಳು ಹಬ್ಬಿ ಅನ್ನವು ಸುಲಭವಾಗಿದೆ. ಅನ್ನವನ್ನು ನಾವು ಹಳಿಯುವವರಲ್ಲ. ಆದರೆ ಬರಿಯ ಅನ್ನ ಸಾರಿನ ಊಟವು ಬೆಳೆಯುವ ಮೈಗೆ ಸಾಲದು, ಬೇಳೆಯೂ ಸೊಪ್ಪೂ ಬೇಕು. ಚಹದೊಡನೆ ಬಿಸ್ಕೀಟು, ಬಣ್ಣದ ಸೋಡಾ, ಕುರುಕಲು ಪೊಟ್ಟಣಗಳು ಮನೆಯಲ್ಲಿ ದೊಡ್ಡವರಿಗೂ ಕಡಿಮೆಯಾಗಬೇಕು. ಮಗಳೊಬ್ಬಳಿಗೇ ಬೇರೆ ತಾಟು ಇಡುವದು ಶಿಕ್ಷೆಯೇ ಸರಿ. ಆಟವು ದಿನಕ್ಕೊಂದು ತಾಸಾದರೂ ಇರಲಿ. ಆ ಕಡೆಯ ವೈಶಾಖದ ಬಿಸಿಲಿನಲ್ಲಿ ಮುಂಜಾನೆ ಅಥವಾ ಹೊತ್ತು ಮುಳುಗುವಾಗ. ಹುಡುಗಿಗೆ ಅಂಗಳ ಬಿಟ್ಟು ಹೋಗಗೊಡದೆ "ಮೈ ಬಂದಿದೆ" ಎಂದು ಮೂದಲಿಸುವದು ಯಾವ ನ್ಯಾಯ?

ಹುಡುಗರ ಸಂಕಟವು ಬೇರೆ. ಅವರಿಗೆ ತೋಳು ಉಬ್ಬಬೇಕು, ಅದೂ ಮೂರು ತಿಂಗಳಲ್ಲಿ. ಡಬ್ಬಿಯ ಪುಡಿಗೆ ಕೊಡುವ ಹಣದಲ್ಲಿ ಹಾಲು, ಶೇಂಗಾ, ತತ್ತಿ ಎಷ್ಟೋ ಬರುವವು. ಒಂದು ತತ್ತಿಯಲ್ಲಿಯೇ ಸುಮಾರು ಆರು ಗ್ರಾಂ ಪ್ರೋಟೀನು ಇರುವದು.

ಮಗುವು ಊಟವನ್ನು ಬಚ್ಚಿಟ್ಟರೆ, ಉಂಡೊಡನೆ ಬಚ್ಚಲಿಗೆ ಹೋಗಿ ಕಕ್ಕಿದರೆ, ಮುಟ್ಟು ಮೂರು ತಿಂಗಳು ನಿಂತರೆ, ಜನರೆದುರು ಬರಲಾರದೆ ಕೋಣೆ ಸೇರಿದರೆ ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಈ ವಯಸ್ಸಿನವರಿಗೆಂದೇ ನಡೆಯುವ ಸ್ನೇಹಾ ಕ್ಲಿನಿಕ್ಕುಗಳುಂಟು. ಮನಸ್ಸಿನ ಬೇಗುದಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಫೋನು ಮಾಡಬಹುದು. ಹಣ ಬೀಳದು, ಕನ್ನಡದಲ್ಲಿಯೇ ಮಾತಾಡಬಹುದು. ಹೋಗುವ ದಿನ ತಾಯಿಯೋ ತಂದೆಯೋ ಜೊತೆಗಿರಲಿ. ಆದರೆ ವೈದ್ಯರೊಡನೆ ಸ್ವಲ್ಪ ಹೊತ್ತು ಮಗುವೇ ಒಂಟಿಯಾಗಿ ಮಾತಾಡುವಂತೆ ಹೊರಗೆ ಬಾಕಿನ ಮೇಲೆ ಕುಳಿತಿರಲಿ.